ಮದುವೆ ಸೀರೆಯ ಅರ್ಜಿ

ಕನ್ನಡದಲ್ಲಿ ಮಾತಾಡಿದ್ದಕ್ಕೆ ಹರಿಹರದ ಕಾನ್ವೆಂಟಿನಲ್ಲಿ ಸರ್ವಮಂಗಳಮ್ಮನನ್ನು ಮಂಡಿಯೂರಿಸಿದವರು ಸಿಸ್ಟರ್ ಜಸಿಂತಾ. ಆ ಮಂಡಿನೋವಿನಿಂದ ಬಂದ ಇಂಗ್ಲಿಷನ್ನು ಸರ್ವಮಂಗಳಮ್ಮ ಐವತ್ತರ ಹೊಸ್ತಿಲಲ್ಲಿ ಸಿಸ್ಟರ್‌ಗೇ ವಾಪಸು ಕೊಡುತ್ತಿದ್ದರು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಅವರ ಟೈಪಿಂಗ್ ಶಾಲೆ. ಊರಿಗೆ ಕಂಪ್ಯೂಟರ್ ಬಂದ ಮೇಲೆ ಅಲ್ಲಿ ಕಲಿಯುವವರಿಗಿಂತ ಧೂಳೇ ಹೆಚ್ಚು. ಹಾಗಾಗಿ ಹಣೆತುಂಬ ವಿಭೂತಿ ಇಟ್ಟುಕೊಂಡು, ಸಿಸ್ಟರುಗಳ ಪರವಾಗಿ ಪರದೇಶದ ಧರ್ಮಸಂಸ್ಥೆಗಳಿಗೆ ಟೈಪ್‌ರೈಟರಿನಲ್ಲಿ ಅರ್ಜಿ ಕುಟ್ಟುತ್ತಿದ್ದರು.

“ಯಾಕ್ರಿ, ಮತ ಬದಲಾಯಿಸಿದ್ರೇನು?” ಎಂದು ನೆರೆಯವರು ಚುಚ್ಚಿದರೆ, “ರಿಬ್ಬನ್ ಬದಲಾಯಿಸೀನಿ ನೋಡ್ರಿ” ಅನ್ನುತ್ತಿದ್ದರು.

ತೊಂಬತ್ತೆಂಟನೇ ಇಸವಿಯ ಅರ್ಜಿ ಮಂಡಕ್ಕಿ ಭಟ್ಟಿಯ ಶಿಶುವಿಹಾರದ್ದು. ತಾಯಂದಿರು ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುವಾಗ ಕೂಸುಗಳು ಬೆಂಕಿಯ ಬಾಯಿಯ ಹತ್ತಿರವೇ ಅಂಬೆಗಾಲಿಡುತ್ತಿದ್ದವು. ಸಿಸ್ಟರುಗಳು ಪಕ್ಕದಲ್ಲೊಂದು ಶೆಡ್ಡು ಬಾಡಿಗೆಗೆ ಹಿಡಿದು, ಸೀರೆಯ ಜೋಲಿ ಕಟ್ಟಿ, ಹಾಲು ಕುಡಿಸಿ ಅವನ್ನು ನೋಡಿಕೊಂಡರು. ಅನುದಾನ ಬರದಿದ್ದರೆ ಶೆಡ್ಡಿಗೆ ಬೀಗ, ಕೂಸುಗಳು ಮತ್ತೆ ಬೆಂಕಿಯ ಬಳಿ.

ಅರ್ಜಿ ಹೋಗಿದ್ದ ಸಂಸ್ಥೆ ಫಲಾನುಭವಿಗಳ ಫೋಟೋ ಕೇಳಿತು. “ನಾಳೆ ಫೋಟೋ ಐತ್ರವ್ವಾ” ಎಂದು ಸರ್ವಮಂಗಳಮ್ಮ ಭಟ್ಟಿಯಲ್ಲಿ ಹೇಳಿ ಬಂದರು. ಅಷ್ಟೇ ಸಾಕಾಯಿತು. ಮರುದಿನ ಮದುವೆ ಸೀರೆಗಳು ನುಸಿಗುಳಿಗೆಯ ವಾಸನೆ ಸಮೇತ ಟ್ರಂಕಿನಿಂದ ಎದ್ದು ಬಂದವು. ಜರಡಿ ಹಿಡಿಯುವ ಅಖ್ತರ್ ಬಾನು ಓಣಿಯವರ ಜುಮುಕಿ ಕೇಳಿ ತಂದಿದ್ದಳು. ಕೂಸುಗಳಿಗೆ ಪೌಡರು, ಕೆನ್ನೆಗೆ ದೃಷ್ಟಿಬೊಟ್ಟು. ಸರ್ವಮಂಗಳಮ್ಮನೂ ಮೈಮರೆತು ಒಬ್ಬಳ ಸೆರಗು ಸರಿಮಾಡಿದರು.

ಫೋಟೋ ಸಂಸ್ಥೆಗೂ ಹೋಯಿತು, ಹೆಂಗಸರ ಮನೆಗಳಿಗೂ ಹೋಯಿತು. ಅನುದಾನ ಕೇಳಿದ್ದಕ್ಕೆ ಅನುಮಾನ ಬಂತು. ಇವರು ಬಡವರಂತೆ ಕಾಣುವುದಿಲ್ಲ, ನಿತ್ಯದ ಉಡುಪಿನ ಫೋಟೋ ಕಳಿಸಿ ಎಂದು ಸಂಸ್ಥೆಯ ಬೆಂಗಳೂರಿನ ಅಧಿಕಾರಿ ಬರೆದರು.

ಹರಿಹರದ ಬಸ್ಸಿಳಿದು ಸಿಸ್ಟರ್ ಜಸಿಂತಾ ನೇರ ಟೈಪಿಂಗ್ ಶಾಲೆಗೇ ಬಂದರು. “ಇನ್ನೊಂದು ಫೋಟೋ ತೆಗೆಸಿದರೆ ಆಯ್ತಲ್ಲ ಮಂಗಳಾ? ಕೆಲಸದ ಬಟ್ಟೆಯಲ್ಲಿ. ಮಕ್ಕಳಿಗೋಸ್ಕರ.”

“ಅವರನ್ನೇ ಕೇಳೋಣ ಬರ್ರಿ.”

ಭಟ್ಟಿಯಲ್ಲಿ ಅಖ್ತರ್ ಬಾನು ಜರಡಿ ಕೆಳಗಿಟ್ಟಳು. “ನನ್ನ ಶಾದಿಗೂ ಫೋಟೋ ತೆಗ್ಸಿಲ್ರಿ ಸಿಸ್ಟರ್. ಜಿಂದಗ್ಯಾಗ ಇದೊಂದೇ, ಗ್ವಾಡಿಗೆ ಹಾಕೀನಿ. ಮಸಿ ಮುಖ ನೋಡಬೇಕಂದ್ರ ಅವ್ರೇ ಬರ್ಲಿ, ಬ್ಯಾಡ ಅನ್ನಂಗಿಲ್ಲ. ಫೋಟೋ ಮಾತ್ರ ಕೊಡಂಗಿಲ್ಲ.”

“ಶೆಡ್ಡು ಹೋಗ್ತದಲ್ಲಮ್ಮ,” ಎಂದರು ಸಿಸ್ಟರ್, ಮೆಲ್ಲಗೆ.

ಅವಳ ಕೂಸೂ ಆ ಶೆಡ್ಡಿನ ಜೋಲಿಯಲ್ಲೇ ಮಲಗಿತ್ತು. ಅತ್ತ ಒಮ್ಮೆ ನೋಡಿದಳು. ಮಾತು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

“ಮಂಡಿ ಊರ್ಸೋದು ನಿಮಗೆ ರೂಢಿ ಸಿಸ್ಟರ್,” ಎಂದರು ಸರ್ವಮಂಗಳಮ್ಮ. “ನಂದು ಆಗೈತೆ. ಇವರದು ಬ್ಯಾಡ.”

ಮನೆಗೆ ಬಂದು ಅದೇ ಫೋಟೋವನ್ನು ಮತ್ತೆ ಲಕೋಟೆಗೆ ಹಾಕಿದರು. ಜೊತೆಗೆ ಹೀಗೆ ಕುಟ್ಟಿದರು: “ನಿಮ್ಮ ವಾರ್ಷಿಕ ವರದಿಯಲ್ಲಿ ನಿಮ್ಮ ಅಧ್ಯಕ್ಷರು ಕೋಟು, ಟೈ ಹಾಕಿದ್ದಾರೆ. ಮನೆಯಲ್ಲಿ ಏನು ಉಡುತ್ತಾರೆಂದು ನಾವು ಕೇಳಿಲ್ಲ. ಬಡತನ ನೋಡಬೇಕಿದ್ದರೆ ಹೇಳದೆ ಬನ್ನಿ.” ಸಿಸ್ಟರ್ ಓದಿದರು. ಸ್ಪೆಲ್ಲಿಂಗ್ ತಪ್ಪಾದರೂ ಸಿಕ್ಕೀತೆಂದು ಹುಡುಕಿದರು, ಸಿಗಲಿಲ್ಲ. ಕೊರಳಿನ ಶಿಲುಬೆ ಮುಟ್ಟಿಕೊಂಡು ಸಹಿ ಹಾಕಿದರು.

ಅಧಿಕಾರಿ ನಿಜಕ್ಕೂ ಹೇಳದೆ ಬಂದರು. ಭಟ್ಟಿಯ ಹೊಗೆಗೆ ಕೆಮ್ಮಿದರು, ಮಸಿ ಮುಖಗಳನ್ನು ಕಂಡರು, ಜೋಲಿಗಳಲ್ಲಿ ಇಣುಕಿದರು. ಆಮೇಲೆ ಚೀಲದಿಂದ ಕ್ಯಾಮೆರಾ ತೆಗೆದದ್ದೇ ತಡ, “ತಡೀರಿ ಸಾರ್!” ಎಂದು ಭಟ್ಟಿಗೆ ಭಟ್ಟಿಯೇ ಮನೆಗೆ ಓಡಿತು. ಓಡುವ ಮುಂಚೆ ಅಖ್ತರ್ ಬಾನು ಕೂಸನ್ನು ಅವರ ಕೈಗೇ ಕೊಟ್ಟಿದ್ದಳು. ಅದು ಅವರ ಪ್ಯಾಂಟಿನ ಮೇಲೆ ತನ್ನದೊಂದು ಅರ್ಜಿ ಸಲ್ಲಿಸಿತು. ಸುದ್ದಿ ತಿಳಿದು ಆಟೋದಲ್ಲಿ ಬಂದ ಸರ್ವಮಂಗಳಮ್ಮ ಅವರಿಗೆ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕೊಟ್ಟು ಕೂರಿಸಿದರು. ಕ್ಷಮೆ ಕೇಳಲಿಲ್ಲ.

ಹೆಂಗಸರು ಮದುವೆ ಸೀರೆಯುಟ್ಟು ಸಾಲಾಗಿ ಬಂದು ನಿಂತರು. ಅಧಿಕಾರಿ ಕ್ಯಾಮೆರಾ ಎತ್ತಿದರು, ಇಳಿಸಿದರು. ಕಡೆಗೆ ಅದನ್ನು ಸರ್ವಮಂಗಳಮ್ಮನ ಕೈಗಿಟ್ಟು ಸಾಲಿನ ತುದಿಯಲ್ಲಿ ತಾವೂ ನಿಂತರು. ಅಖ್ತರ್ ಬಾನು ಬಾಚಣಿಗೆ ಚಾಚಿದಳು.

“ತಲಿ ಬಾಚ್ಕಳ್ರಿ ಸಾರ್. ಫೋಟೋ ಅಂದ್ರ ಸುಮ್ನೆ ಏನು?”

ಹಣ ಬಂತು, ಒಂದು ವರ್ಷಕ್ಕಷ್ಟೇ. ಮರುವರ್ಷದ ಅರ್ಜಿಗೆ ರಿಬ್ಬನ್ ಏರಿಸುತ್ತ ಸರ್ವಮಂಗಳಮ್ಮ ಭಟ್ಟಿಗೆ ಹೇಳಿಕಳಿಸಿದರು: “ಸೀರಿ ಇಸ್ತ್ರಿ ಮಾಡಿ ಇಟ್ಕಳ್ರಿ.”