ಪಾಂಡವರ ಮನೆಯೊಳಗಿನ ಕೂಸು

ದೇವರಮನೆ ಗುಡ್ಡದ ದಾರಿಯಲ್ಲಿ ಟೀ ಅಂಗಡಿ ಇಟ್ಟಿರುವ ಮಹಮೂದಾಳ ಬಾಯಿಗೆ ಹೆದರದವರಿಲ್ಲ. ಗುಡ್ಡ ನೋಡಲು ಬಂದ ಬೈಕಿನವರು ಪ್ಲಾಸ್ಟಿಕ್ ಬಿಸಾಡಿದರೆ ಅವರ ಕೈಯಲ್ಲೇ ಹೆಕ್ಕಿಸುತ್ತಾಳೆ. ಟೀ ತೆಳ್ಳಗಿದೆ ಎಂದವರಿಗೆ ಎರಡನೇ ಲೋಟ ಸಿಗುವುದಿಲ್ಲ. ಅಂಥವಳು ಆ ವಾರವಿಡೀ ತುಟಿ ಪಿಟಕ್ಕೆನ್ನದೆ ಕೂತಿದ್ದಳೆಂದರೆ ಯಾರು ನಂಬುತ್ತಾರೆ?

ಅಂಗಡಿಯ ಮೇಲಿನ ಹುಲ್ಲುಗುಡ್ಡದಲ್ಲಿ, ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಹಳೇ ಕಲ್ಲುಗೂಡಿದೆ. ಊರವರಿಗೆ ಅದು ಪಾಂಡವರ ಮನೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೃತಿಕಾ ಮೇಡಂ ಆಳುಗಳೊಂದಿಗೆ ಬಂದು, ಅದು ಮನೆಯಲ್ಲ, ಸಾವಿರಾರು ವರ್ಷದ ಹಿಂದಿನವರ ಸಮಾಧಿ ಎಂದು ಹೇಳಿ ಒಳಗೆ ಅಗೆಯಲು ಶುರು ಮಾಡಿದ್ದರು.

ಸಮಾಧಿಯೆಂದು ಮಹಮೂದಾಳಿಗೆ ಯಾರೂ ಹೇಳಬೇಕಿರಲಿಲ್ಲ. ಹಿಂದೊಮ್ಮೆ ಗುಡ್ಡ ಕುಸಿದು ರಸ್ತೆ ಕಡಿದುಹೋದ ಮಳೆಗಾಲದಲ್ಲಿ ಅವಳಿಗೆ ಮನೆಯಲ್ಲೇ ಹೆರಿಗೆಯಾಗಿ, ಕೂಸು ಉಸಿರಿಲ್ಲದೆ ಹುಟ್ಟಿತ್ತು. ಮೂಡಿಗೆರೆಯ ಖಬರಸ್ತಾನಕ್ಕೆ ದಾರಿಯಿಲ್ಲ, ಎಲ್ಲಿ ಗುಂಡಿ ತೋಡಿದರೂ ನೀರು. ಗಂಡ ರಜಬ್ ಅಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕಲ್ಲುಗೂಡಿನೊಳಗೆ ಹೂತು ಬಂದ. "ಅಲ್ಲೊಂದೇ ಕಡೆ ಮಣ್ಣು ಒಣಗಿತ್ತು" ಎಂದ, ಅಷ್ಟೇ. ಇಬ್ಬರೂ ಯಾರಿಗೂ ಹೇಳಲಿಲ್ಲ.

ಈಗ ಅವನೂ ಇಲ್ಲ. ಬಾಯಿ ಬಿಟ್ಟರೆ ಪೊಲೀಸರು, ಮಸೀದಿ ಜಮಾತಿನವರ ಪ್ರಶ್ನೆ, ಸತ್ತ ಗಂಡನ ಮೇಲೆ ಇಲ್ಲದ ಅಪವಾದ. ಬಿಡದಿದ್ದರೆ ಅಗೆದು ತೆಗೆದ ಹಳೇ ಮೂಳೆಗಳ ಜೊತೆ ಕೂಸೂ ಡಬ್ಬಿಯಲ್ಲಿ ಪೇಟೆಗೆ ಹೋಗುತ್ತದೆ. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಟೀ ಕಾಸುವುದು ಎಂಥ ಕರ್ಮ! ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ವಾರ ಕಳೆಯಿತು.

ಪಕ್ಕದ ಕಾಫಿ ತೋಟದ ಗಂಗಾಧರಪ್ಪ ಸುದ್ದಿ ತಂದರು. "ಕೇಳ್ದ್ಯಾ ಮಾರಾಯ್ತಿ? ಮೇಲೆ ಎಳೇ ಕೂಸಿನ ಮೂಳೆ ಸಿಕ್ಕಿದಾವಂತೆ. ಬಟ್ಟೆ ಚೂರೂ ಇದ್ಯಂತೆ, ಹಾಗಾಗಿ ಹಳೇದಲ್ಲ. ಯಾವಳೋ ಹೆತ್ತು ಎಸೆದಿರ್ಬೇಕು."

ಎಸೆದಿರಬೇಕು! ಅದುವರೆಗೆ ಇದ್ದ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. "ಎಸೆದಿದ್ದಲ್ಲ ಗಂಗಾಧರಪ್ಪನವ್ರೇ" ಎಂದವಳೇ, ಉರಿಯುವ ಒಲೆಯನ್ನೂ ಬಿಟ್ಟು ಗುಡ್ಡ ಹತ್ತಿದಳು.

ಕೃತಿಕಾ ಆ ಮೂಳೆಗಳನ್ನಿಟ್ಟ ಸಣ್ಣ ಪೆಟ್ಟಿಗೆಯೊಂದನ್ನು ಹಿಡಿದು ನಿಂತಿದ್ದರು.

"ಮೇಡಂ, ಅದು ನಂದು" ಎಂದಳು ಮಹಮೂದಾ. "ಹುಟ್ಟುವಾಗ್ಲೇ ಉಸಿರಿರ್ಲಿಲ್ಲ. ನಮ್ಮನೆಯವ್ರು ಇಲ್ಲಿ ಮಣ್ಣು ಮಾಡಿದ್ರು."

ಕೃತಿಕಾ ತಡವರಿಸಿದರು. "ಅಮ್ಮಾ... ಪೊಲೀಸರಿಗೆ ಆಗ್ಲೇ ಫೋನ್ ಮಾಡಿದೀನಿ."

"ಬರ್ಲಿ. ಅವ್ರ ಹತ್ರಾನೂ ಇದೇ ಹೇಳ್ತೀನಿ. ಅಲ್ಲಿವರೆಗೆ ನನ್ ಕೈಗೆ ಕೊಡಿ."

ಕೃತಿಕಾ ಪೆಟ್ಟಿಗೆಯನ್ನು ಕೊಟ್ಟರು. ಮಹಮೂದಾ ಹುಲ್ಲಿನ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಹೆತ್ತ ದಿನ ಅವಳಿಗೆ ಜ್ಞಾನವಿರಲಿಲ್ಲ. ಎಚ್ಚರವಾಗುವಷ್ಟರಲ್ಲಿ ರಜಬ್ ಅಲಿ ಬರಿಗೈಯಲ್ಲಿ ಗುಡ್ಡ ಇಳಿದು ಬಂದಾಗಿತ್ತು. ಮಗುವನ್ನು ಅವಳು ಎತ್ತಿಕೊಂಡದ್ದು ಇದೇ ಮೊದಲು.