ಅಣ್ಣನ ಕೈ ಬಿಡಿಸಿದವರು ಯಾರು?

ಸತ್ತವರ ದನಿ ಕೇಳಿತು ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನಾನೇ ಅಂಥದ್ದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೂ ಸರಿ.

ನಲವತ್ತರ ದಶಕದ ಮಾತು, ಊರು ಅಕ್ಕಿಆಲೂರು. ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಮುಂಜಾನೆ ಲಿಂಗಪೂಜೆಗೆ ಕೂತ ಅಣ್ಣ ಶಿವಪ್ಪ ಮತ್ತೆ ಏಳಲೇ ಇಲ್ಲ. ಎತ್ತಿ ಹಿಡಿದ ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆಯೇ ನೆಟ್ಟ ಕಣ್ಣು. ಕರೆದರೆ ಓಗೊಡಲಿಲ್ಲ. ಮರುದಿನವೂ ಹಾಗೆಯೇ. ಶಿವಯೋಗ ಸಿದ್ಧಿಸಿತೆಂದು ಊರವರು ಕಾಯಿ ಒಡೆದು ಕಾಲಿಗೆ ಬಿದ್ದರು. ಅತ್ತಿಗೆ ನೀರು ಕುಡಿಸಲು ಹೋದರೆ, "ಮುಟ್ಟಬ್ಯಾಡವಾ, ಯೋಗ ಕೆಡ್ತೈತಿ," ಎಂದು ಹಿರಿಯರು ಗದರಿದರು. ಅಣ್ಣನ ತುಟಿ ಒಡೆದು ರಕ್ತ ಜಿನುಗುತ್ತಿತ್ತು. ನಮ್ಮ ಕಣ್ಣೆದುರೇ ಒಣಗಿ ಸಾಯುತ್ತಾನೆ ಅನ್ನಿಸಿತು.

ಮೂರನೆಯ ದಿನ ತಡೆಯಲಾರದೆ ಅವನ ತೋಳು ಹಿಡಿದು ಕೆಳಗಿಳಿಸಿದೆ. ಲಿಂಗ ಜಾರಿ ನೆಲಕ್ಕೆ ಬಿತ್ತು. ಅಣ್ಣ ಚೀರಿ ಎದ್ದವನೇ ಮೂಲೆಯಲ್ಲಿದ್ದ ಒನಕೆ ಬೀಸಿ ಪಕ್ಕದ ಮನೆಯವನ ಕೈ ಮುರಿದ. ಕಾಲಿಗೆ ಬಿದ್ದವರೇ ಈಗ "ದೆವ್ವ ಹೊಕ್ಕೈತಿ, ಬಡೀರಿ!" ಎಂದು ಎತ್ತಿನ ಹಗ್ಗದಿಂದ ಬಾರಿಸತೊಡಗಿದರು. ಅವನ ಬೆನ್ನಿನ ಚರ್ಮ ಸುಲಿಯಿತು. ಅಡ್ಡ ಹೋದ ನನ್ನ ಕುತ್ತಿಗೆಯನ್ನು ಎರಡೂ ಕೈಯಿಂದ ಹಿಡಿದ ಅಣ್ಣ ಹಾಗೆಯೇ ಮತ್ತೆ ಕಲ್ಲಾದ. ಎಲ್ಲರೂ ಸೇರಿ ಜಗ್ಗಿದರೂ ಬೆರಳು ಬಿಚ್ಚಲಿಲ್ಲ. ಯಾರೋ ದೆವ್ವ ಬಿಡಿಸಲೆಂದು ಪಕ್ಕದ ಮನೆಯಲ್ಲಿ ಕಾಯಲಿಟ್ಟಿದ್ದ ಕುಡುಗೋಲು ತಂದು ಅವನ ತೋಳಿಗೆ ಬರೆ ಎಳೆದರು. ಚರ್ಮ ಚುರ್ರೆಂದಿತು, ಹಿಡಿತ ಸಡಿಲಲಿಲ್ಲ. ನನಗೆ ಕಣ್ಣು ಕತ್ತಲಿಟ್ಟಿತು.

ಆಗ ಅಡುಗೆಮನೆಯಿಂದ ಅವ್ವನ ದನಿ ಬಂತು. "ಶಿವ್ಯಾ, ಅವನ್ನ ಬಿಡೋ. ರೊಟ್ಟಿ ಆರಾಕತ್ತಾವ." ಚಿಕ್ಕಂದಿನಲ್ಲಿ ನಮ್ಮ ಜಗಳ ಬಿಡಿಸುತ್ತಿದ್ದ ಅದೇ ಬೇಸರದ ದನಿ.

ಅಣ್ಣನ ಬೆರಳು ಬಿಚ್ಚಿದವು. ತೂರಾಡುತ್ತ ಹೋಗಿ ಆರಿದ ಒಲೆಯ ಮುಂದೆ ಕೂತ. "ಹಾಕು ಬೇ, ಆರಾಕತ್ತಾವ ಅಂದ್ಯಲ್ಲ," ಎಂದ. ಉಳಿದ ಯಾರಿಗೂ ಅವ್ವನ ದನಿ ಕೇಳಿರಲಿಲ್ಲ.

ಆಮೇಲೆ ಅಣ್ಣನನ್ನು ನೋಡಿದ ಧಾರವಾಡದ ಡಾಕ್ಟರು ಇದನ್ನು ಸ್ಕಿಜೋಫ್ರೇನಿಯಾದ ಒಂದು ಬಗೆ ಎಂದರು, ಬುದ್ಧಿ ಬರಬರುತ್ತ ಕೆಡುತ್ತದೆ ಎಂದರು. ಕೆಡಲಿಲ್ಲ. ಅಣ್ಣ ಕೊನೆಯ ತನಕ ಹೊಲಮನೆ ನೋಡಿಕೊಂಡ. ಯಾರೆದುರೂ ಅಂಗಿ ಮಾತ್ರ ಬಿಚ್ಚಲಿಲ್ಲ. ನನ್ನ ಮೊಮ್ಮಗಳು ಈಗ ಮನೋವೈದ್ಯೆ. ಹೀಗೆ ಮೈ ಕಲ್ಲಾಗುವ, ನಡುವೆ ಕೆರಳಿ ಏಳುವ ಕ್ಯಾಟಟೋನಿಯಾವನ್ನು ಈಗ ಆ ಒಂದೇ ರೋಗಕ್ಕೆ ಕಟ್ಟಿಹಾಕುವುದಿಲ್ಲ, ತೀವ್ರ ಖಿನ್ನತೆಯಲ್ಲೂ ಮೈಯ ಬೇರೆ ಕಾಯಿಲೆಗಳಲ್ಲೂ ಅದು ಬರುತ್ತದೆ, ಬೇಗ ಗುರುತಿಸಿದರೆ ಬರೀ ಇಂಜೆಕ್ಷನ್‌ಗೇ ಇಳಿಯುವುದುಂಟು ಎನ್ನುತ್ತಾಳೆ. ಅದನ್ನು ಕೇಳಿ ಅತ್ತುಬಿಟ್ಟೆ. ಅಷ್ಟು ಹೊಡೆತ, ಆ ಬರೆ, ಯಾವುದೂ ಬೇಕಿರಲಿಲ್ಲ.

"ಅಣ್ಣಗ ಕೇಳಿಸಿದ್ದು ರೋಗ ಅನ್ನೋಣ, ನನಗ ಉಸಿರುಗಟ್ಟಿ ಕೇಳಿಸ್ತು ಅನ್ನೋಣ. ಇಬ್ಬರಿಗೂ ಒಂದ ಮಾತು ಹ್ಯಾಂಗ ಕೇಳಿಸ್ತು?" ಎಂದು ಕೇಳಿದೆ.

"ಗೊತ್ತಿಲ್ಲ ಅಜ್ಜಾ," ಎಂದಳು.

ನನಗೂ ಗೊತ್ತಿಲ್ಲ. ಅವ್ವ ಬಂದದ್ದು ನನ್ನನ್ನು ಉಳಿಸಲೋ, ಅಣ್ಣನನ್ನು ಉಳಿಸಲೋ, ಅದೂ ಗೊತ್ತಿಲ್ಲ.