ಈ ಸಲ ಯಾಕೆ ಬರಲಿಲ್ಲ

ಕಾಳುಮೆಣಸಿನ ಘಾಟಿಗೆ ಸೀನು ಬಂದು ಎಚ್ಚರವಾಯಿತು. ಮೊನ್ನೆ ಮಧ್ಯಾಹ್ನ ಜಗಲಿಯ ಕುರ್ಚಿಯಲ್ಲೇ ಕಣ್ಣು ಹತ್ತಿತ್ತು. ನೋಡಿದರೆ ಗೇಟಿನ ಹತ್ತಿರ ಮೆಣಸಿನ ಚೀಲ ತುಂಬಿದ ಜೀಪು, ಮೆಟ್ಟಿಲ ಬಳಿ ಬೆಳೆಗಾರರ ಸೊಸೈಟಿಯ ಹೊಸ ಸೆಕ್ರೆಟರಿ ಹುಡುಗಿ. ಹೊಂಗಡಹಳ್ಳದ ದಾರಿಯಲ್ಲಿರುವ ನನ್ನ ತುಂಡು ತೋಟದ ಮೆಣಸು ಪ್ರತಿ ವರ್ಷ ಆ ಸೊಸೈಟಿಗೇ ಹೋಗುತ್ತಿತ್ತು.

"ಈ ಸಲ ಯಾಕ್ ಬರ್ಲಿಲ್ಲ ಅಮ್ಮ? ನಮ್ಮಿಂದ ಏನಾರ ತಪ್ಪಾಯ್ತಾ?" ಎಂದು ಕೇಳಿದಳು.

ಮಂಡಿ ನೋವಮ್ಮ, ಮನೆ ಬಾಗಿಲಿಗೇ ಬಂದ ವ್ಯಾಪಾರಿಗೆ ಕೊಟ್ಟುಬಿಟ್ಟೆ ಎಂದೆ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಪ್ರಶ್ನೆ ಆ ಹುಡುಗಿಯದಲ್ಲ. ಅದು ನಮ್ಮ ಕಾಮರ್ಸ್ ಮೇಷ್ಟ್ರದು...

ಸಕಲೇಶಪುರದಲ್ಲಿ ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲೇಜಿಗೆ ಅವರು ಟೆಂಪರರಿ ಲೆಕ್ಚರರ್ ಆಗಿ ಬಂದವರು. ಪಾಳ್ಯದ ಕಡೆಯ ರಾಗಿ, ಭತ್ತದ ಮನೆತನ. ವ್ಯಾಪಾರ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ, ಇದು ಅವರ ರಿಸರ್ಚ್. ಹೊರದೇಶದ ಜರ್ನಲ್‌ಗಳ ಪೇಪರುಗಳನ್ನು ಜೆರಾಕ್ಸ್ ಮಾಡಿಸಿ, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು ಸ್ಟಾಫ್‌ರೂಮಿಗೆ ತರುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಗ್ರಾಮರ್ ಕಲಿತ ನನಗೇ ಆ ವಾಕ್ಯಗಳ ತಲೆ ಎಲ್ಲಿ, ಬಾಲ ಎಲ್ಲಿ ತಿಳಿಯುತ್ತಿರಲಿಲ್ಲ. ಯಾವ ಪೇಪರನ್ನು ಎಷ್ಟು ಜನ ತಮ್ಮ ಪೇಪರಿನಲ್ಲಿ ಹೆಸರಿಸಿ ಸೈಟ್ ಮಾಡಿದ್ದಾರೆ ಎಂದು ಎಣಿಸುವುದಕ್ಕೇ ಕೆಲವು ಪೇಪರುಗಳಿದ್ದವು. ಅವನ್ನು ನೋಡಿದರೆ ಮೇಷ್ಟ್ರಿಗೆ ನಗು.

"ಇವ್ರು ಅವ್ರ ಹೆಸ್ರು ಹೇಳ್ತಾರೆ, ಅವ್ರು ಇವ್ರ ಹೆಸ್ರು ಹೇಳ್ತಾರೆ. ಅಂಗಡಿ ಒಳಿಕ್ಕೆ ಮಾತ್ರ ಒಬ್ರೂ ಕಾಲಿಟ್ಟಿಲ್ಲ ಕಣ್ ಮೇಡಂ."

ಮೇಷ್ಟ್ರು ಕಾಲಿಟ್ಟರು. ರಜೆ ಬಂದರೆ ಬಿಸಿಲೆ ರಸ್ತೆಯ ಬಸ್ಸು ಹತ್ತಿ ಸೊಸೈಟಿಗೆ ಹೋಗಿ, ಮೆಣಸಿನ ಚೀಲದ ಮೇಲೆ ಕುಳಿತು, ಬಂದವರನ್ನು ಮಾತಾಡಿಸುತ್ತಿದ್ದರು. ಅವರಿಗೆ ಕೊನೆಗೆ ಕಂಡದ್ದು ಇಷ್ಟು: ಲಾಭ, ವಹಿವಾಟು ಎಲ್ಲವನ್ನೂ ಬಂದವರಿಂದ ಲೆಕ್ಕ ಹಾಕುತ್ತಾರೆ, ಬಾರದೆ ಹೋದವರು ಯಾವ ಲೆಕ್ಕದಲ್ಲೂ ಇಲ್ಲ. ಹೋದ ವರ್ಷ ಬಂದು ಈ ವರ್ಷ ಬಾರದವರ ಮನೆಗೆ ಹೋಗಿ ಯಾಕೆ ಎಂದು ಕೇಳಿದರೆ, ವ್ಯಾಪಾರದ ಆರೋಗ್ಯ ಅಲ್ಲಿ ಗೊತ್ತಾಗುತ್ತದೆ.

ಇಂಗ್ಲಿಷಿನಲ್ಲಿ ಬರೆಯಿರಿ, ನಾನು ತಿದ್ದಿಕೊಡುತ್ತೇನೆ, ಒಳ್ಳೆಯ ಜರ್ನಲ್‌ಗೆ ಕಳಿಸೋಣ ಎಂದು ಎಷ್ಟೋ ಸಲ ಹೇಳಿದೆ. ಆಮೇಲೆ ನೋಡೋಣ ಎಂದರು. ಮೊದಲು ಸೊಸೈಟಿಯವರು ಓದಬೇಕು, ಅವರ ವಿಷಯವನ್ನೇ ಬರೆದು ಅವರಿಂದಲೇ ಮುಚ್ಚಿಡುವುದು ಯಾವ ನ್ಯಾಯ ಎಂದರು. ಹಾಗೆ ಲೇಖನ ಕನ್ನಡದಲ್ಲಿ, ಕಾಲೇಜಿನ ಮ್ಯಾಗಝೀನಿನಲ್ಲಿ ಬಂತು. ಸೊಸೈಟಿಯವರು ಮಹಾಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದರು. ಆ ವರ್ಷದಿಂದಲೇ ಬಾರದವರ ಮನೆಗೆ ಹೋಗತೊಡಗಿದರು.

ಮೇಷ್ಟ್ರನ್ನು ಖಾಯಂ ಮಾಡುವ ಇಂಟರ್‌ವ್ಯೂಗೆ ಹೊರಗಿನಿಂದ ಮೂವರು ಎಕ್ಸ್‌ಪರ್ಟ್‌ಗಳು ಬಂದರು. ಸೀನಿಯರ್ ಎಂದು ನನ್ನನ್ನೂ ಕೂರಿಸಿದ್ದರು. ಖಾಯಂ ಆಗದಿದ್ದರೆ ಜೂನ್‌ನಿಂದ ಕೆಲಸವಿಲ್ಲ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು.

ಸೈಟೇಶನ್ ಎಷ್ಟು ಎಂದು ಒಬ್ಬರು ಕೇಳಿದರು. ಇಲ್ಲ ಸಾರ್ ಎಂದರು ಮೇಷ್ಟ್ರು. ಹಾಗಾದರೆ ನಿಮ್ಮ ರಿಸರ್ಚಿನ ಇಂಪ್ಯಾಕ್ಟ್ ಏನು ಎಂದರು. ಮೇಷ್ಟ್ರ ಮುಖ ಅರಳಿತು. ಉತ್ತರ ಗೊತ್ತಿರುವ ಪ್ರಶ್ನೆ ಬಂತು ಎಂದುಕೊಂಡರು, ಪಾಪ.

"ಸೊಸೈಟಿಯವ್ರು ಓದಿದ್ರು ಸಾರ್. ಬರ್ದೇ ಇದ್ದೋರ ಮನೆಗೆ ಈಗ ಹೋಗಿ ಕೇಳ್ತಾರೆ."

"ಸೊಸೈಟಿಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟಿದೆ, ವಿಚಾರಿಸಿದ್ದೀರಾ?"

ಜರ್ನಲ್‌ಗಳನ್ನು ತೂಗುವ ಅಂಕಿಯನ್ನು ಮೆಣಸಿನ ಸೊಸೈಟಿಗೆ ಕೇಳಿ ಮೂವರೂ ನಕ್ಕರು. ಗೋಡಂಬಿ ತಿನ್ನುತ್ತಾ ನಕ್ಕರು. ನಾನು ಎದ್ದು ನಿಂತು, ಆ ಲೇಖನವನ್ನು ಒಂದು ಸಲ ಓದಿ ಆಮೇಲೆ ಮಾರ್ಕ್ಸ್ ಹಾಕಿ ಎಂದೆ. ಸೆಂಟಿಮೆಂಟ್ ಬೇಡ ಮೇಡಂ, ಕನ್ನಡ ಮ್ಯಾಗಝೀನಿಗೆ ಪಾಯಿಂಟ್ ಇಲ್ಲ, ರೂಲ್ ಈಸ್ ರೂಲ್ ಎಂದರು. ಮ್ಯಾಗಝೀನು ಮೇಜಿನ ಮೇಲೇ ಇತ್ತು. ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಒಬ್ಬರೂ ಒಂದು ಪುಟ ತಿರುಗಿಸಲಿಲ್ಲ. ಅಳೆಯುವುದನ್ನೇ ಕಸುಬು ಮಾಡಿಕೊಂಡವರು, ಎದುರಿಗಿದ್ದ ವಸ್ತುವನ್ನು ಮುಟ್ಟಿ ನೋಡದೆ ಅಳೆದುಬಿಟ್ಟರು. ಕಾನ್ವೆಂಟು ನನಗೆ ಬೈಗುಳ ಕಲಿಸಲಿಲ್ಲ. ಕಲಿಸಿದ್ದರೆ ಅವತ್ತು ಬೈಯುತ್ತಿದ್ದೆ, ಇವತ್ತು ಇಲ್ಲಿ ಬರೆಯುತ್ತಲೂ ಇದ್ದೆ.

ಜೂನ್‌ನಲ್ಲಿ ಮೇಷ್ಟ್ರು ಬರಲಿಲ್ಲ. ಸ್ಟಾಫ್‌ರೂಮಿನಲ್ಲಿ ಅವರ ಕುರ್ಚಿಯ ಮೇಲೆ ಯಾರೋ ಹೆಲ್ಮೆಟ್ ಇಡತೊಡಗಿದರು. ಯಾಕೆ ಬರಲಿಲ್ಲ ಎಂದು ಮನೆಗೆ ಹೋಗಿ ಕೇಳೋಣ ಎಂದು ಒಬ್ಬೊಬ್ಬರನ್ನೇ ಕರೆದೆ. ಎಲ್ಲರಿಗೂ ಏನೋ ಅರ್ಜೆಂಟ್ ಕೆಲಸ. ಅದೇ ವರ್ಷ ಆ ನಕ್ಕವರಲ್ಲಿ ಒಬ್ಬರನ್ನು ಕಾಲೇಜಿಗೆ ಕರೆಸಿ, ಮೈಸೂರು ಪೇಟ ತೊಡಿಸಿ, ಸಮಾಜಕ್ಕೆ ಉಪಯೋಗವಾಗುವ ಸಂಶೋಧನೆ ಎಂಬ ವಿಷಯದ ಮೇಲೆ ಭಾಷಣ ಮಾಡಿಸಿದರು. ಚಪ್ಪಾಳೆ ಬೇರೆ.

ಕೊನೆಗೆ ನಾನೊಬ್ಬಳೇ ಪಾಳ್ಯದ ಬಸ್ಸು ಹತ್ತಿದೆ. ಮೇಷ್ಟ್ರು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಗದ್ದೆಯಿಂದ ಬಂದರು. ಸೊರಗಿ ಇಳಿದುಹೋಗಿದ್ದರು. ಅವರ ತಾಯಿ ಮಜ್ಜಿಗೆ ಕೊಟ್ಟರು. ನಾನು ಕಾಲೇಜನ್ನು ಬೈಯುತ್ತಲೇ ಇದ್ದೆ, ಅವರು ಕೇಳುತ್ತಲೇ ಇದ್ದರು. ಬಸ್ಸಿನವರೆಗೂ ಜೊತೆಗೆ ಬಂದು, ನಾನು ಹತ್ತುವಾಗ ಹೇಳಿದರು:

"ನೀವು ಬಂದ್ರಲ್ಲ ಮೇಡಂ. ಒಂದು ಸೈಟೇಶನ್ ಆಯ್ತು ಬುಡಿ."

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಜ್ವರ ಅಂದರು, ಎದೆನೋವು ಅಂದರು... ಸರಿಯಾಗಿ ಯಾರೂ ಹೇಳಲಿಲ್ಲ. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಎರಡು ಸಾಲು ಕೂಡ ಬರಲಿಲ್ಲ. ಖಾಯಂ ಅಲ್ಲದವರಿಗೆ ಅದಕ್ಕೂ ರೂಲ್ ಇರಲಿಲ್ಲವಂತೆ.

ಮೊನ್ನೆ ಆ ಹುಡುಗಿಗೆ ಕಾಫಿ ಕೊಟ್ಟು ಕೇಳಿದೆ, ಹೀಗೆ ಮನೆಮನೆಗೆ ಹೋಗಬೇಕೆಂದು ನಿಮಗೆ ಹೇಳಿದವರು ಯಾರು?

"ಅದು ಮೊದ್ಲಿಂದ್ಲೂ ಐತೆ ಕಣಮ್ಮ. ಗೌರ್ಮೆಂಟ್ ರೂಲ್ ಇರ್ಬೇಕು ಅನ್ಕೊಂಡಿದ್ದೆ."

ಗೌರ್ಮೆಂಟ್ ರೂಲ್. ನನಗೆ ಬಂದ ಸಿಟ್ಟು ಆ ಮಗುವಿನ ಮೇಲಲ್ಲ. ಲೋಟ ಕೆಳಗಿಡಿಸಿ ಮೇಷ್ಟ್ರ ಕತೆ ಹೇಳಿದೆ, ಹೆಸರು ಹೇಳಿದೆ. ಅವಳು ಆ ಹೆಸರನ್ನು ಬಾಯಿಬಿಟ್ಟು ಒಮ್ಮೆ ಹೇಳಿಕೊಂಡಳು. ಈ ಸಲದ ಮಹಾಸಭೆಯಲ್ಲಿ ಎಲ್ಲರಿಗೂ ಹೇಳ್ತೀನಮ್ಮ ಎಂದು ಜೀಪು ಹತ್ತಿದಳು.

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಪಾಳ್ಯದ ಕಡೆಯ ಬಸ್ಸು ಈಗಲೂ ಸಿಗುತ್ತದೆ. ಮಂಡಿ ನೋವಾದರೂ ಹೇಗೋ ಹತ್ತಬಲ್ಲೆ. ಈ ಸುದ್ದಿ ಯಾರಿಗೆ ಹೇಳಬೇಕೋ ಅವರೇ ಅಲ್ಲಿಲ್ಲ... ಜೀಪು ಹೋಗಿ ಎರಡು ದಿನವಾದರೂ ಜಗಲಿಯಲ್ಲಿ ಮೆಣಸಿನ ಘಾಟು ಇನ್ನೂ ಇದ್ದ ಹಾಗಿದೆ. ಕಣ್ಣು ಉರಿಯುತ್ತಿದೆ.